ಅಡಿಪದರದ ಹಗೆ

ಕೆಸರು ಮೇಷ್ಟ್ರಿಗೆ ಕೆಸರಿನ ಮೇಲಿದ್ದಷ್ಟು ಪ್ರೀತಿ ತನ್ನ ಮೇಲಿಲ್ಲವೆಂದು ಅವರ ಹೆಂಡತಿಯೇ ಕಂಡವರ ಮುಂದೆಲ್ಲ ಹೇಳುತ್ತಿದ್ದಳು. ಹೇಳಲಿ ಬಿಡಿ, ಪ್ರೀತಿಸಬೇಕಾದ ಕೆಸರೇ ಅದು! ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಮೇಲೆತ್ತಿದರೆ, ಒಂದು ವರ್ಷದ ಮೇಲೊಂದು ವರ್ಷ ಪದರ ಪದರವಾಗಿ ಕೂತಿರುತ್ತದೆ. ಪ್ರತಿ ಪದರದಲ್ಲೂ ನೀರುಚಿಗಟವೆಂಬ ಪುಟಾಣಿ ಜೀವಿಯ ನಿದ್ದೆಹೋದ ಮೊಟ್ಟೆಗಳು. ಪಕ್ಕದಲ್ಲೇ ಅದನ್ನು ಕಾಡುವ ರೋಗಾಣು. ಎರಡನ್ನೂ ಎಬ್ಬಿಸಿ ಎದುರುಬದುರು ಬಿಟ್ಟರೆ, ಯಾವ ಕಾಲದಲ್ಲಿ ಯಾರು ಯಾರನ್ನು ಮೀರಿಸಿದರೆಂದು ಕಣ್ಣಾರೆ ನೋಡಬಹುದು.

ಆ ಕೆರೆಯನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಇದೊಂದೇ ಕೊಳವೆ ಕೆಸರು, ಮೇಷ್ಟ್ರ ಜೀವಮಾನದ ಕೆಲಸ. ಈಗ ನೋಡಿದರೆ, ಎಲ್ಲಕ್ಕೂ ಹಳೆಯದಾದ ಅಡಿಪದರದ ರೋಗಾಣುವನ್ನು ಈಚಿನ ಮೇಲ್ಪದರದ ಚಿಗಟಗಳಿಗೆ ಕೊಟ್ಟರೆ ಒಂದಕ್ಕೂ ನೆಗಡಿಯೂ ಆಗಲಿಲ್ಲ.

“ಸತ್ತೋಗಿದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು,” ಎಂದು ಮೇಷ್ಟ್ರು ರೋಗಾಣುವಿನ ಸೀಸೆಯನ್ನು ಕುದಿಸಿ ಚೆಲ್ಲಲು ಎದ್ದರು.

ಸೂಕ್ಷ್ಮದರ್ಶಕದಿಂದ ಸೊಸೆ ತಲೆಯೆತ್ತಿದಳು. ಅವಳದೂ ಇದೇ ಕಸುಬು. ಮದುವೆಗೆ ಮುಂಚೆ ಅವರ ಶಿಷ್ಯೆ.

“ತಡೀರಿ ಮಾವ. ಅದರ ಕಾಲದ ಚಿಗಟಕ್ಕೇ ಕೊಟ್ಟು ನೋಡಿ.”

“ಅಡಿಪದರದಲ್ಲಿ ಒಡೆದಿದ್ದೇ ಒಂದು ಮೊಟ್ಟೆ ಕಣಮ್ಮ! ಅದರಿಂದ ಬಂದ ಚಿಗಟಕ್ಕೂ ನಾಲ್ಕೇ ಮರಿ. ಮನೆಮಕ್ಕಳನ್ನ ಹುಲಿ ಬಾಯಿಗೆ ಹಾಕು ಅಂತೀಯಾ?”

“ಹುಲಿ ಸತ್ತಿದೆ ಅಂದ್ರಲ್ಲ, ಮತ್ಯಾಕೆ ಭಯ?”

ಮೇಷ್ಟ್ರು ತಾಯಿಚಿಗಟವನ್ನು ಬೇರೆ ಇಟ್ಟು, ಎದೆ ಕಲ್ಲು ಮಾಡಿಕೊಂಡು ಮರಿಗಳ ನೀರಿಗೆ ರೋಗಾಣು ಬಿಟ್ಟರು. ಆವತ್ತಿನಿಂದ ಅವರಿಗೆ ಅನ್ನ ಸೇರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಸೊಸೆ ಕೂಗಿ ಕರೆದಳು. ಗಾಜಿನಂತಿದ್ದ ಮರಿಗಳ ಮೈ ಮಂಕು ಕೆಂಪಾಗಿತ್ತು. ಈ ಹೊತ್ತಿಗೆ ತುಂಬಿರಬೇಕಿದ್ದ ಹೊಟ್ಟೆಯಲ್ಲಿ ಒಂದೂ ಮೊಟ್ಟೆಯಿಲ್ಲ. ರೋಗ ತಾಗಿತ್ತು.

“ಅಯ್ಯೋ ಪಾಪ,” ಎಂದ ಮೇಷ್ಟ್ರು ಮರುಕ್ಷಣವೇ, “ಭಲೇ ಕಳ್ಳ! ಇಷ್ಟು ವರ್ಷ ಮಣ್ಣಲ್ಲಿ ಹೂತಿದ್ರೂ ಕಸುಬು ಮರೆತಿಲ್ವಲ್ಲೋ!” ಎಂದು ಮೇಜು ಗುದ್ದಿದರು. ಅಳುವೂ ನಗುವೂ ಒಟ್ಟಿಗೇ ಬಂದವು.

ಆಮೇಲೆ ಮೇಲ್ಪದರದ ಚಿಗಟಗಳತ್ತ ತಿರುಗಿದರು. ಅವು ತುಂಬಿದ ಬಸಿರಲ್ಲಿ ಆರಾಮಾಗಿ ಕುಪ್ಪಳಿಸುತ್ತಿದ್ದವು.

“ಇವಕ್ಕೇನೂ ಆಗ್ಲಿಲ್ಲ ಅಂತ ನಾನು ಅದನ್ನ ಸತ್ತಿದೆ ಅಂದ್ಬಿಟ್ಟೆ,” ಎಂದರು ಮೇಷ್ಟ್ರು. “ಅದು ಸತ್ತಿರ್ಲಿಲ್ಲ ಕಣಮ್ಮ. ಇವುಗಳ ಅಜ್ಜಿ ಮುತ್ತಜ್ಜಿಯರು ಸತ್ತೂ ಸತ್ತೂ ಅದನ್ನ ಗೆದ್ದಿದ್ರು.”