ಯೆಸ್ ಟೀಚರ್

ಮತ್ತೆ ಮೂರೂ ತಲೆಗಳು ಒಟ್ಟಿಗೇ ಬಗ್ಗಿ ಎದ್ದವು, ಯೆಸ್ ಟೀಚರ್, ಯೆಸ್ ಟೀಚರ್ — ಮೆಣಸಿನಕಾಯಿ ಘಾಟಿಗೆ ಮೂಗು ಸುರಿಯುತ್ತಿದ್ದರೂ ಆ ನಗು ಮಾತ್ರ ಮುಖದಿಂದ ಕದಲುವುದಿಲ್ಲ, ಚೀನಾದಿಂದ ಬ್ಯಾಡಗಿಗೆ ಬಂದು ಮೆಣಸಿನಕಾಯಿಯ ಬಣ್ಣ ತೆಗೆಯುವ ಯಂತ್ರ ಕೂಡಿಸುತ್ತಿರುವ ಈ ಫಿಟ್ಟರುಗಳಿಗೆ ಏನು ಕೇಳಿದರೂ ಯೆಸ್ಸೇ, ಊಟ ಆಯಿತೇ ಯೆಸ್, ಹಸಿವಾಗಿದೆಯೇ ಯೆಸ್, ಆಯಿಶಾಳಿಗೆ ಮೊದಮೊದಲು ನಗು ಬರುತ್ತಿತ್ತು, ಈಗ ಬರುವುದಿಲ್ಲ, ಯಾಕೆಂದರೆ ನಾಳೆ ಆ ದೊಡ್ಡ ಟ್ಯಾಂಕಿಗೆ ಪೆಟ್ರೋಲಿನಂಥ ದ್ರಾವಕ ತುಂಬುತ್ತಾರೆ, ಒಂದು ಕಿಡಿ ಸಾಕು, ನಿಲ್ಲು ಅಂದರೆ ನಿಲ್ಲಬೇಕು, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಬೇಕು, ಅಷ್ಟು ಇಂಗ್ಲಿಷ್ ಕಲಿಸಲೆಂದೇ ಅವಳು ದಿನಾ ತನ್ನ ಶಾಲೆಯ ಪಾಠ ಮುಗಿಸಿ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವುದು, ಪುಸ್ತಕದಲ್ಲಿರುವ ಹಬ್ಬದ ಪಾಠ ಅಂಗಡಿಯ ಪಾಠ ಇಲ್ಲಿ ಯಾರಿಗೆ ಬೇಕು. ಮ್ಯಾನೇಜರ್ ರುದ್ರಮುನಿ ಬಾಗಿಲಲ್ಲೇ ನಿಂತಿದ್ದಾರೆ, ಕಿವಿಗೆ ಮೊಬೈಲು, ಆ ಕಡೆ ಮಾಲೀಕರು, ಅವಳತ್ತ ತಿರುಗಿ ಅನ್ನುತ್ತಾರೆ, ಮೇಡಂರ, ಇವ್ರಿಗೆ ಎಲ್ಲಾ ತಿಳದೈತಿ ಅಂತ ಒಂದ್ ಮಾತ್ ಹೇಳಿಬಿಡ್ರಿ, ನಾಳೆ ಮಷೀನ್ ಚಾಲೂ ಮಾಡ್ತೇವಿ. ಒಂದು ಮಾತು — ಅವಳ ಅಬ್ಬಾನೂ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಎದುರು ಒಂದೇ ಮಾತು ಆಡಿದ್ದು, ತಿಳೀತೇನು ಶಮಶೇರಸಾಬ ಅಂದರೆ ಹ್ಞೂನ್ರಿ ಸಾಹೇಬ್ರ, ಅಷ್ಟು ಓದಿದವರ ಮುಂದೆ ತಿಳಿಯಲಿಲ್ಲ ಅಂದರೆ ಅವರಿಗೇ ಅವಮಾನ ಎಂದು ಅಬ್ಬಾನ ಎಣಿಕೆ, ಯಾವ ಹನಿ ಯಾವ ಕಣ್ಣಿಗೆ ಎಂದು ಹೊರಗೆ ಬಂದ ಮೇಲೂ ಯಾರನ್ನೂ ಕೇಳಲಿಲ್ಲ, ಎಡಗಣ್ಣು ಹೋಯಿತು, ಹೋದ ಮೇಲೂ ಡಾಕ್ಟರು ಭಾಳ ಛಲೋ ಮನಷ್ಯಾ ಅನ್ನುತ್ತಿದ್ದ, ಅವಳಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲ, ಆ ಮಾತು ಅವಳ ಬಾಯಿಂದ ಬರುವುದಿಲ್ಲ, ಬೇಕಾದರೆ ರುದ್ರಮುನಿ ಬೇರೆ ಟೀಚರನ್ನು ಹುಡುಕಿಕೊಳ್ಳಲಿ.

ಸ್ವಲ್ಪ ತಡೀರಿ ಸರ್ ಅಂದವಳೇ ಕರಿಹಲಗೆಯ ಮೇಲೆ ಟ್ಯಾಂಕು ಬರೆದಳು, ಕುತ್ತಿಗೆಯವರೆಗೆ ಸೀಮೆಸುಣ್ಣದ ಗೆರೆ ತುಂಬಿ ಫುಲ್ ಅಂದಳು, ಆಮೇಲೆ ಬೇಕೆಂದೇ ತಪ್ಪು ಪಾಠ, ನಿಧಾನವಾಗಿ, ಕೈಸನ್ನೆ ಮಾಡಿ — ಒಳಗೆ ಕತ್ತಲೆ ಇದ್ದರೆ ಬೆಂಕಿಕಡ್ಡಿ ಗೀರಿ ಬಗ್ಗಿ ನೋಡಿರಿ, ಯೆಸ್ ಟೀಚರ್, ಮೂರೂ ತಲೆಗಳು ಬಗ್ಗಿದವು, ರುದ್ರಮುನಿಯ ಮುಖ ಬಿಳಿಚಿಕೊಂಡಿತು, ಈಗ ಹೇಳಲಿ ನೋಡೋಣ ಎಲ್ಲಾ ತಿಳಿದಿದೆ ಅಂತ. ಚಹಾ ಕಾಸುವ ಭರಮವ್ವನ ಒಲೆಯ ಪಕ್ಕದಿಂದ ಕಡ್ಡಿಪೆಟ್ಟಿಗೆ ತಂದು ಮೂವರಲ್ಲಿ ಹಿರಿಯನಾದ ಚೆನ್‌ನ ಅಂಗೈಯಲ್ಲಿಟ್ಟಳು, ಹಲಗೆ ತೋರಿಸಿದಳು, ಗೀರು. ಅವನು ಎದ್ದ, ಪೆಟ್ಟಿಗೆ ತೆರೆದ, ಕಡ್ಡಿ ತೆಗೆದ, ಎಷ್ಟು ವರ್ಷ ಟ್ಯಾಂಕುಗಳ ಜೊತೆ ಬಾಳಿದ ಮನುಷ್ಯ, ಗೊತ್ತಿಲ್ಲದೆ ಇರುತ್ತದೆಯೇ, ಗೊತ್ತಿದೆ, ಚೆನ್ನಾಗಿಯೇ ಗೊತ್ತಿದೆ, ಗೊತ್ತಿದ್ದೂ ತಲೆ ಬಗ್ಗಿಸಿದ, ಟೀಚರ್ ತಪ್ಪು ಹೇಳಿದರೂ ಟೀಚರ್ ಅಲ್ಲವೇ — ಪದ ಕಲಿಸುವುದು ಸುಲಭ, ಎದುರಾಡುವುದನ್ನು ಹೇಗೆ ಕಲಿಸುವುದು, ಅಬ್ಬಾನ ವಯಸ್ಸಿನವನನ್ನು ಹೀಗೆ ನಾಚಿಸುತ್ತಿದ್ದೇನಲ್ಲ, ಆದರೂ ಬಿಡುವುದಿಲ್ಲ, ಗೀರು ಅಂದಳು ಇನ್ನೊಮ್ಮೆ, ಗದರಿಯೇ ಅಂದಳು, ಗೀರು. ಸಾಕ್ ಬಿಡ್ರಿ ಮೇಡಂರ ಎಂದರು ರುದ್ರಮುನಿ, ಅವಳು ತಿರುಗಿ ನೋಡಲಿಲ್ಲ. ಚೆನ್‌ನ ಕಿವಿ ಕೆಂಪೇರಿತು, ನಗು ಮೊದಲ ಸಲ ಮುಖ ಬಿಟ್ಟಿತು, ತುಟಿ ಅಲುಗಿತು, ಅನ್ನು ಮಾರಾಯ, ಒಂದು ಸಲ ಅಂದುಬಿಡು, ಆಮೇಲೆ ಜೀವಮಾನವಿಡೀ ಅನ್ನಬಹುದು —

ನೋ. ನೋ, ಟೀಚರ್.

ಅವನ ತಲೆ ಬಗ್ಗಲಿಲ್ಲ, ಅವಳಿಗೆ ಕಾಣುವುದು ಆ ಎರಡು ಬೆರಳು ಮಾತ್ರ, ಬೆರಳ ಸಂದಿಯಲ್ಲಿ ಕಡ್ಡಿ, ತುದಿಯ ಕಪ್ಪು ಮದ್ದು, ಪೆಟ್ಟಿಗೆಯ ಅಂಚಿಗೆ ಕೂದಲೆಳೆ ದೂರ, ಗೀರದ ಕಡ್ಡಿ, ಗೀರದ ಕಡ್ಡಿ