ಆರು ಉಲ್ಲೇಖಗಳು

"ಆರು ಕಡಿಮೆ ಬೀಳುತ್ತೆ ಸರ್," ಎಂದರು ವಿಭಾಗದ ಮುಖ್ಯಸ್ಥೆ, ಕಂಪ್ಯೂಟರಿನ ಪರದೆಯನ್ನು ಮೇಷ್ಟ್ರ ಕಡೆ ತಿರುಗಿಸಿ. "ಎರಡು ಸಲ ನೋಡಿದೆ. ನಾನೂರ ತೊಂಬತ್ನಾಲ್ಕು."

"ಮೂವತ್ತು ವರ್ಷದ ಕೆಲಸ ಆರರಲ್ಲಿ ಸಿಕ್ಕಿಹಾಕ್ಕೊಳ್ತಾ?"

"ನಾನೇನು ಮಾಡ್ಲಿ ಹೇಳಿ. ಮೇಲಿನವರು ಐನೂರಕ್ಕೆ ಗೆರೆ ಎಳೆದುಬಿಟ್ಟಿದಾರೆ. ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಐನೂರು ಸಲ ನಿಮ್ಮ ಕೆಲಸ ಉಲ್ಲೇಖ ಮಾಡಿರ್ಬೇಕು. ಇಲ್ಲಾಂದ್ರೆ ನಿಮ್ಮ ಸಂಶೋಧನಾ ಕೇಂದ್ರ ಮುಚ್ತಾರೆ, ನಿಮ್ಮ ಇಬ್ಬರು ವಿದ್ಯಾರ್ಥಿಗಳನ್ನ ಬೇರೆಯವರಿಗೆ ಕೊಡ್ತಾರೆ, ನಿಮ್ಮನ್ನ ಮೊದಲ ವರ್ಷದ ಕ್ಲಾಸಿಗೆ ಹಾಕ್ತಾರೆ. ಮುಂದಿನ ತಿಂಗಳ ಕೊನೇ ದಿನ ಎಣಿಕೆ. ಅಷ್ಟರೊಳಗೆ ಬಂದ್ರೆ ಬಂತು."

ಮುಖ್ಯಸ್ಥೆ ಮೇಷ್ಟ್ರಿಗಿಂತ ಹದಿನೈದು ವರ್ಷ ಚಿಕ್ಕವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದಿಷ್ಟು ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಮೇಷ್ಟ್ರು ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದು ಬಂದರು.

ಅವರ ವಿಷಯ ಹಣಕಾಸಿನ ಗಣಿತ. ಗಣಿತ ಬೇಕಾದಷ್ಟಿತ್ತು, ಹಣಕಾಸು ಅಷ್ಟಕ್ಕಷ್ಟೆ. ಇವತ್ತು ನೂರಕ್ಕೆ ಮಾರುವ ಷೇರು ಆರು ತಿಂಗಳಲ್ಲಿ ಐವತ್ತಕ್ಕೆ ಇಳಿಯುವ ಸಂಭವ ಎಷ್ಟು ಎಂದು ಹೇಳುವ ಒಂದು ಸೂತ್ರವನ್ನು ಅವರು ಮೂವತ್ತೊಂದರ ವಯಸ್ಸಿನಲ್ಲಿ ಕಂಡುಹಿಡಿದಿದ್ದರು. ಆಮೇಲೆ ನಲವತ್ತು ಪ್ರಬಂಧ ಬರೆದರು. ಜನ ಓದಿದ್ದು ಆ ಒಂದನ್ನೇ. ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು ತಮ್ಮ ಲೆಕ್ಕದಲ್ಲಿ ಅದನ್ನು ಇವತ್ತಿಗೂ ಬಳಸುತ್ತಿದ್ದವು. ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ಸ್ಪಷ್ಟಪ್ಪ ಎಂದು ಕರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ "ಇದು ಸ್ಪಷ್ಟ" ಎಂದು ಹೇಳಿ ಮೂರು ಹಂತ ಹಾರಿಬಿಡುವುದು ಅವರ ಅಭ್ಯಾಸ. ಯಾರಿಗೂ ಸ್ಪಷ್ಟವಾಗುತ್ತಿರಲಿಲ್ಲ, ಕೇಳುವ ಧೈರ್ಯವೂ ಇರುತ್ತಿರಲಿಲ್ಲ.

ಆ ಶನಿವಾರ ಮೇಷ್ಟ್ರು ಊಟದ ಮೇಜಿನ ಮೇಲೆ ಪ್ರಬಂಧವೊಂದನ್ನು ಹರಡಿಕೊಂಡು ಕೂತರು. ಅದನ್ನು ಪ್ರಕಟಿಸಬಹುದೇ ಎಂದು ಪರಿಶೀಲಿಸಿ ಹೇಳಲು ಜರ್ನಲ್‌ನವರು ಕಳಿಸಿದ್ದರು. ಬರೆದವರು ಯಾರೆಂದು ಪರಿಶೀಲಕನಿಗೆ ತಿಳಿಯಕೂಡದು, ಪರಿಶೀಲಕ ಯಾರೆಂದು ಬರೆದವರಿಗೆ ತಿಳಿಯಕೂಡದು. ಅದು ಆ ಕಸುಬಿನ ಕಟ್ಟುನಿಟ್ಟು. ಆದರೆ ಕಸುಬಿನವರೆಲ್ಲ ಒಂದು ಕಳ್ಳದಾರಿ ಇಟ್ಟುಕೊಂಡಿದ್ದರು. ಕೊನೆಯಲ್ಲಿ "ಲೇಖಕರು ಈ ಕೆಳಗಿನ ಪ್ರಬಂಧಗಳನ್ನೂ ಉಲ್ಲೇಖಿಸಿದರೆ ಒಳ್ಳೆಯದು" ಎಂದು ತಮ್ಮವೇ ನಾಲ್ಕಾರು ಹೆಸರನ್ನು ಸೇರಿಸಿಬಿಡುವುದು. ಬರೆದವರು ಬೇಡ ಎನ್ನುವುದುಂಟೆ? ಬಾಯಿ ಮುಚ್ಚಿಕೊಂಡು ಸೇರಿಸುತ್ತಾರೆ. ಮೇಷ್ಟ್ರು ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವರಲ್ಲ. ಅದು ತಿರುಪೆ ಎತ್ತಿದ ಹಾಗೆ ಎಂದು ಸಹೋದ್ಯೋಗಿಗಳ ಮುಖಕ್ಕೇ ಹೇಳುತ್ತಿದ್ದರು.

ಎರಡನೆಯ ಪುಟಕ್ಕೆ ಬಂದವರು ಪೆನ್ನು ಕೆಳಗಿಟ್ಟರು. ಅಲ್ಲಿ ಕೊಡೆ ಮಾರುವ ಒಬ್ಬ ಹೆಂಗಸಿದ್ದಳು. ಮಳೆ ಬರಬಹುದು, ಬರದಿರಬಹುದು. ಇವತ್ತೇ ಎಷ್ಟು ಕೊಡೆ ಕೊಂಡಿಟ್ಟುಕೊಳ್ಳಬೇಕು ಎಂದು ಅವಳು ಯೋಚಿಸುತ್ತಿದ್ದಾಳೆ. ಆಮೇಲೆ ಪ್ರಮೇಯ, ಸಮೀಕರಣ. ಪ್ರಪಂಚದಲ್ಲಿ ಹೀಗೆ ಶುರುಮಾಡುವವಳು ಒಬ್ಬಳೇ. ಅವರ ಬಳಿಯೇ ಡಾಕ್ಟರೇಟ್ ಮಾಡಿದವಳು. ಮೇಷ್ಟ್ರು ಕೊಡೆಯವಳನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದಷ್ಟು ಸಲ ಅವಳು ಮತ್ತೆ ತಂದು ಕೂರಿಸುತ್ತಿದ್ದಳು. ವಿಭಾಗದಲ್ಲಿ ಎಲ್ಲರೂ ಅವಳನ್ನು ಕೊಡೆ ಎಂದೇ ಕರೆಯುತ್ತಿದ್ದರು. ಈಗ ಯಾವುದೋ ಸಣ್ಣ ಕಾಲೇಜಿನಲ್ಲಿ, ವಾರಕ್ಕೆ ಇಪ್ಪತ್ತೆರಡು ಗಂಟೆ ಪಾಠ, ಇನ್ನೂ ತಾತ್ಕಾಲಿಕ ಕೆಲಸ ಎಂದು ಯಾರೋ ಹೇಳಿದ್ದರು.

ಗುರುತು ಸಿಕ್ಕಿದ ಕೂಡಲೇ ಸಂಪಾದಕರಿಗೆ ಬರೆದು ಹಿಂದೆ ಸರಿಯಬೇಕು. ಅದೂ ಕಟ್ಟುನಿಟ್ಟೇ. ಮೇಷ್ಟ್ರು ಪುಟ ತಿರುಗಿಸಿದರು.

ಮೊದಲ ಮೂರು ಭಾಗ ಅಚ್ಚುಕಟ್ಟಾಗಿತ್ತು. ನಾಲ್ಕನೆಯ ಭಾಗ ನಾಲ್ಕೇ ಪುಟ. ಅದರಲ್ಲಿ ಅವಳು ಮೇಷ್ಟ್ರ ಸೂತ್ರವನ್ನು ಎತ್ತಿಕೊಂಡಿದ್ದಳು. ಬೆಲೆ ನಿಧಾನವಾಗಿ ಇಳಿದರೆ ಸೂತ್ರ ಸರಿ. ಒಂದೇ ಏಟಿಗೆ ಕುಸಿದರೆ, ಮೂಲ ಪ್ರಬಂಧದ ಏಳನೆಯ ಪುಟದಲ್ಲಿ ಯಾವ ಹಂತವನ್ನು ಸ್ಪಷ್ಟ ಎಂದು ಬಿಟ್ಟಿದೆಯೋ ಆ ಹಂತ ನಿಲ್ಲುವುದಿಲ್ಲ. ಎಲ್ಲೂ ಜಂಬವಿರಲಿಲ್ಲ. ತಪ್ಪು ಎಂಬ ಮಾತನ್ನೇ ಬಳಸಿರಲಿಲ್ಲ. "ಇಲ್ಲಿ ಇನ್ನಷ್ಟು ಎಚ್ಚರ ಬೇಕಾಗುತ್ತದೆ" ಎಂದಷ್ಟೇ ಬರೆದಿದ್ದಳು.

ಈ ಪ್ರಶ್ನೆ ಮೇಷ್ಟ್ರಿಗೆ ಹೊಸದಲ್ಲ. ಹದಿನೆಂಟು ವರ್ಷದ ಹಿಂದೆ, ಮೂರನೆಯ ಬೆಂಚಿನಿಂದ ಎದ್ದು ನಿಂತು ಅವಳೇ ಕೇಳಿದ್ದಳು. "ಇದು ಸ್ಪಷ್ಟ, ಕೂತ್ಕೊಳ್ಳಮ್ಮ" ಎಂದಿದ್ದರು. ಕ್ಲಾಸು ಗೊಳ್ಳೆಂದಿತ್ತು. ಅವಳು ಕಿವಿಯವರೆಗೆ ಕೆಂಪಾಗಿ ಕೂತಿದ್ದಳು.

ಭಾನುವಾರವಿಡೀ ಅವರು ಆ ನಾಲ್ಕು ಪುಟದಲ್ಲಿ ಹುಳುಕು ಹುಡುಕಿದರು. ಸಾಲು ಸಾಲನ್ನೂ ಜಗ್ಗಿ ನೋಡಿದರು. ಕಂಪ್ಯೂಟರಿನಲ್ಲಿ ಅಂಕಿ ಹಾಕಿ ನೋಡಿದರು. ಅವರ ಸೂತ್ರ ನಷ್ಟದ ಸಂಭವ ನೂರಕ್ಕೆ ಒಂದು ಎನ್ನುವ ಕಡೆ ಅವಳ ಲೆಕ್ಕ ನೂರಕ್ಕೆ ಏಳು ಎನ್ನುತ್ತಿತ್ತು. ಕಂಪ್ಯೂಟರೂ ಏಳು ಎಂದಿತು. ಸಂಜೆ ಹೆಂಡತಿ ದೀಪ ಹಾಕಿ, ಮುಟ್ಟದೆ ಬಿಟ್ಟಿದ್ದ ಚಹಾ ಕಪ್ಪನ್ನು ಎತ್ತಿಕೊಂಡಳು.

"ಏನ್ರೀ ಅದು, ಬೆಳಗ್ಗೆಯಿಂದ ಅದರ ಜೊತೆ ಗುದ್ದಾಡ್ತಿದೀರ? ಅಷ್ಟು ಕೆಟ್ಟದಾಗಿ ಬರೆದಿದಾರಾ?"

"ಇಲ್ಲ," ಎಂದರು ಮೇಷ್ಟ್ರು. "ಚೆನ್ನಾಗಿ ಬರೆದಿದಾರೆ."

"ಮತ್ತೆ ಚೆನ್ನಾಗಿದೆ ಅಂತ ಬರೆದು ಕಳಿಸಿ, ಬನ್ನಿ ಊಟಕ್ಕೆ."

ಅಷ್ಟು ಸುಲಭವಿತ್ತು. ತಮಾಷೆಯೆಂದರೆ, ಆ ನಾಲ್ಕನೆಯ ಭಾಗ ಅಚ್ಚಾಗಿದ್ದರೂ ಎಣಿಕೆಯಲ್ಲಿ ಅವರಿಗೆ ನಷ್ಟವೇನೂ ಇರಲಿಲ್ಲ. ಉಲ್ಲೇಖ ಎಣಿಸುವ ಯಂತ್ರಕ್ಕೆ ಹೊಗಳಿದ್ದೂ ಒಂದೇ, ತೆಗಳಿದ್ದೂ ಒಂದೇ. ಮುಂದೆ ಯಾರು ಯಾರೋ "ಈ ಸೂತ್ರದಲ್ಲಿ ದೋಷವಿದೆ" ಎಂದು ಬರೆಯುತ್ತ ಹೋದರೆ ಸಂಖ್ಯೆ ಇನ್ನೂ ಏರುತ್ತಿತ್ತು. ಆರು ಉಲ್ಲೇಖ ಬೇಕಾದದ್ದು ಕೇಂದ್ರಕ್ಕೆ. ನಾಲ್ಕನೆಯ ಭಾಗ ಬೇಡವಾದದ್ದು ಮೇಷ್ಟ್ರಿಗೆ.

ಊಟವಾದ ಮೇಲೆ ವರದಿ ಬರೆದರು. ಪ್ರಬಂಧ ಉತ್ತಮವಾಗಿದೆ, ಪ್ರಕಟಣೆಗೆ ಅರ್ಹ ಎಂದು ಶುರುಮಾಡಿದರು. ನಾಲ್ಕನೆಯ ಭಾಗಕ್ಕೆ ಬಂದಾಗ "ಮೂಲದಲ್ಲಿ ಈ ಹಂತ ಸ್ಪಷ್ಟವಾಗಿಯೇ ಇದೆ" ಎಂದು ಬರೆದು, ಗಾಬರಿಯಿಂದ ಆ ಪದ ಅಳಿಸಿದರು. ಅದನ್ನು ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. "ಇಲ್ಲಿನ ಆಕ್ಷೇಪ ತಪ್ಪು ತಿಳುವಳಿಕೆಯಿಂದ ಹುಟ್ಟಿದ್ದು. ಈ ಭಾಗವನ್ನು ಕೈಬಿಡಬೇಕು" ಎಂದು ಬರೆದರು. ಅದರ ಕೆಳಗೆ ಒಂದೊಂದಾಗಿ ತಮ್ಮ ಆರು ಪ್ರಬಂಧಗಳ ಹೆಸರು ಹಾಕಿದರು. ಅನುಮಾನ ಬರದಿರಲೆಂದು ನಡುವೆ ಬೇರೆಯವರ ಮೂರು ಸೇರಿಸಿದರು. ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡರು. ಕನ್ನಡಿ ನೋಡದೆ ಬಂದು ಮಲಗಿದರು. ನಾಚಿಕೆಯಾಗಿತ್ತು. ನಿದ್ದೆಯೂ ಬಂತು.

ಹನ್ನೊಂದನೆಯ ದಿನ ತಿದ್ದಿದ ಪ್ರಬಂಧ ಬಂತು. ನಾಲ್ಕನೆಯ ಭಾಗವಿರಲಿಲ್ಲ. ಒಂಬತ್ತು ಉಲ್ಲೇಖವೂ ಸೇರಿದ್ದವು. "ಪರಿಶೀಲಕರು ನನ್ನ ತಪ್ಪನ್ನು ತೋರಿಸಿಕೊಟ್ಟಿದ್ದಕ್ಕೆ ಕೃತಜ್ಞಳು" ಎಂದು ಒಂದು ಸಾಲಿತ್ತು. ಮೇಷ್ಟ್ರು ಒಪ್ಪಿಗೆ ಎಂಬಲ್ಲಿ ಗುರುತು ಹಾಕಿದರು. ಎರಡು ವಾರದಲ್ಲಿ ಜರ್ನಲ್‌ನವರು ಅದನ್ನು ಅಂತರ್ಜಾಲದಲ್ಲಿ ಹಾಕಿದರು. ತಿಂಗಳ ಕೊನೆಯ ದಿನ ಬೆಳಗ್ಗೆ ಮುಖ್ಯಸ್ಥೆಯ ಫೋನು ಬಂತು.

"ಸರಿಯಾಗಿ ಐನೂರು ಸರ್! ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಿಮ್ಮದು ಗಟ್ಟಿ ಅದೃಷ್ಟ. ನಾಳೆ ಸಭೆಗೆ ಬನ್ನಿ, ಎಲ್ಲರ ಎದುರಿಗೆ ಹೇಳ್ತೀವಿ."

ಮಧ್ಯಾಹ್ನ ಹೆಂಡತಿ ಕಿಟಕಿಯ ಪಕ್ಕ ನಿಂತು ಸಭೆಗೆಂದು ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮತ್ತೆ ಫೋನು ಬಂತು. ಗೊತ್ತಿಲ್ಲದ ನಂಬರು.

"ಸರ್, ನಾನು ಕೊಡೆ," ಎಂದು ನಕ್ಕಳು ಆ ಕಡೆಯವಳು. "ಗುರುತು ಸಿಕ್ತಾ?"

"ಸಿಕ್ತಮ್ಮ. ಹೇಗಿದೀಯ?"

"ಚೆನ್ನಾಗಿದೀನಿ ಸರ್. ಒಂದು ಪೇಪರ್ ಬಂತು. ಕೆಲಸ ಕಾಯಂ ಆಗುತ್ತೆ ಅಂತಿದಾರೆ. ನಿಮಗೆ ಹೇಳ್ಬೇಕು ಅನ್ನಿಸ್ತು."

"ಒಳ್ಳೇದಾಯ್ತು. ತುಂಬ ಒಳ್ಳೇದಾಯ್ತು."

"ಸರ್, ಒಂದು ತಪ್ಪು ಒಪ್ಕೋಬೇಕು. ಬೈಬೇಡಿ. ಹಿಂದೆ ಕ್ಲಾಸಲ್ಲಿ ನಿಮ್ಮ ಸೂತ್ರದ ಮೇಲೆ ಒಂದು ಪ್ರಶ್ನೆ ಕೇಳಿದ್ದೆ. ಎಲ್ಲಾ ನಕ್ಕಿದ್ರು. ನಿಮಗೆ ನೆನಪಿರೋದಿಲ್ಲ."

"ಇಲ್ಲಮ್ಮ."

"ಅದು ನನ್ನ ತಲೆ ಬಿಟ್ಟು ಹೋಗಿರಲೇ ಇಲ್ಲ. ಈ ಪೇಪರ್‌ನಲ್ಲಿ ಅದನ್ನೇ ಬರೆದುಬಿಟ್ಟಿದ್ದೆ, ನಿಮ್ಮ ಸೂತ್ರ ಅಲ್ಲಿ ನಿಲ್ಲಲ್ಲ ಅಂತ. ನಿಮಗೆ ಮೊದಲು ತೋರಿಸೋಕೆ ಧೈರ್ಯ ಬರ್ಲಿಲ್ಲ. ಪೇಪರ್ ಪರಿಶೀಲಿಸಿದ ರೆಫ್ರಿ ಒಂದೇ ಮಾತಲ್ಲಿ ತಪ್ಪು ತಿಳುವಳಿಕೆ, ತೆಗೀರಿ ಅಂದ್ರು. ತೆಗೆದೆ. ಅವರು ನಿಮ್ಮ ಆರು ಪೇಪರ್ ಹಾಕಿ ಅಂತಾನೂ ಹೇಳಿದ್ರು ಸರ್. ಅದೊಂದು ಖುಷಿಯಾಯ್ತು. ಯಾರೋ ಎಲ್ಲೋ ಕೂತು ನಿಮ್ಮನ್ನ ಇಷ್ಟು ಓದಿದಾರಲ್ಲ ಅಂತ."

ಮೇಷ್ಟ್ರು ಕಿವಿಗೊಟ್ಟು ಆ ದನಿಯಲ್ಲಿ ಕುಹಕ ಹುಡುಕಿದರು. ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಅವರು ನಿರಾಳವಾಗಿ ಉಸಿರಾಡುತ್ತಿದ್ದರು.

"ಆದ್ರೆ ಸರ್, ನನ್ನ ತಪ್ಪು ಎಲ್ಲಿದೆ ಅಂತ ನನಗಿನ್ನೂ ಕಾಣ್ತಿಲ್ಲ. ಎಷ್ಟು ಸಲ ನೋಡಿದ್ರೂ ಸರೀನೇ ಇದೆ ಅನ್ನಿಸುತ್ತೆ. ಹದಿನೆಂಟು ವರ್ಷ ನೋಡಿನೂ ಕಾಣಲ್ಲ ಅಂದ್ರೆ ನನ್ನ ತಲೆ ಇಷ್ಟೇ ಅಂತ ತಾನೇ? ಇನ್ಮೇಲೆ ಸಂಶೋಧನೆ ಸಾಕು, ಪಾಠ ಮಾಡ್ಕೊಂಡಿದ್ದುಬಿಡ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ಕೇಳ್ತೀನಿ. ನಾಲ್ಕು ಪುಟ ಕಳಿಸ್ತೀನಿ, ಎಲ್ಲಿ ಎಡವಿದೀನಿ ಅಂತ ತೋರಿಸ್ತೀರಾ? ಬೇರೆ ಯಾರನ್ನ ಕೇಳ್ಲಿ ಸರ್?"

ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ಹೋಗಿ ಬಂದು ಮಾಡಿತು. ನಿನ್ನದು ಸರಿ ಎಂಬ ಎರಡು ಪದ. ಹೇಳಿದರೆ ಇವತ್ತೇ ಎಲ್ಲ ಮುಗಿಯುತ್ತದೆ. ಹೇಳದಿದ್ದರೆ ಅವಳು ಮುಗಿಯುತ್ತಾಳೆ. ಅದು ಮೇಷ್ಟ್ರಿಗೆ ಗೊತ್ತಿತ್ತು. ಅವರ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಇನ್ನೇನೂ ಗೊತ್ತಿರಲಿಲ್ಲ.

"ರೆಫ್ರಿ ಹೇಳಿದ ಮೇಲೆ ಮುಗೀತಲ್ಲಮ್ಮ," ಎಂದರು. "ಬಿಟ್ಟುಬಿಡು. ಕೆಲಸ ಕಾಯಂ ಆಗ್ತಿದೆಯಲ್ಲ, ನೆಮ್ಮದಿಯಾಗಿರು."

"ಆಯ್ತು ಸರ್," ಎಂದಳು. "ನೀವೇ ಹೇಳಿದ ಮೇಲೆ ಇನ್ನೇನು. ಆರೋಗ್ಯ ನೋಡ್ಕೊಳ್ಳಿ ಸರ್."

"ಯಾರು ರೀ?" ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕೀಳುತ್ತ.

"ಹಳೇ ವಿದ್ಯಾರ್ಥಿನಿ."

"ಪಾಪ, ಇನ್ನೂ ನೆನಪಿಟ್ಕೊಂಡಿದಾಳೆ. ಏನಂತೆ?"

"ಏನಿಲ್ಲ. ಥ್ಯಾಂಕ್ಸ್ ಹೇಳೋಕೆ ಮಾಡಿದ್ಲು."

ಹೆಂಡತಿ ನಕ್ಕು ಅಂಗಿಯನ್ನು ಅವರ ಕೈಗಿತ್ತು, ಸುಕ್ಕಾಗುವ ಮೊದಲೇ ನೇತುಹಾಕಿ ಎಂದು ಹೇಳಿ ಒಳಗೆ ಹೋದಳು. ಅಂಗಿಯ ಬಿಸಿ ಪೂರ್ತಿ ಆರಿಹೋಗುವವರೆಗೂ ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.