ಗಿಣ್ಣದ ಕ್ಯಾನ್

ಮೊದಲನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ ಡಾಕ್ಟರ್ ಶರಣಪ್ಪ ಸುಮ್ಮನೆ ಕೂತರು. ಅರ್ಧ ನಿಮಿಷವಾದ ಮೇಲೆ ನೆನಪಾಯಿತು: ಪಕ್ಕದ ಸೀಟಿನಿಂದ ಇಳಿದು ಗೇಟು ತೆಗೆಯುವವರು ಈಗ ಯಾರೂ ಇಲ್ಲ.

ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಬೆಟ್ಟಗಳ ಸಂದಿಯಲ್ಲಿರುವ ಆ ಫಾರ್ಮಿಗೆ ಹೋಗಬೇಕಾದರೆ ದೊಡ್ಡ ರಸ್ತೆ ಬಿಟ್ಟು ನಾಲ್ಕು ಮೈಲಿ ಒಂಟಿ ದಾರಿ, ದಾರಿಯುದ್ದಕ್ಕೂ ಮೂರು ಗೇಟು. ಕುರಿ ತಪ್ಪಿಸಿಕೊಳ್ಳದ ಹಾಗೆ ಒಂದೊಂದನ್ನೂ ತೆಗೆದು, ಕಾರು ದಾಟಿಸಿ, ಮತ್ತೆ ಹಾಕಬೇಕು. ಹದಿನಾರು ಈಸ್ಟರ್ ಆ ಕೆಲಸ ಹೆಂಡತಿ ದಾನೇಶ್ವರಿಯದಾಗಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ರಬ್ಬರ್ ಬೂಟು ಹಾಕಿಕೊಂಡು, "ಬರ್ರಿ, ಬರ್ರಿ, ಇನ್ನಷ್ಟು ಎಡಕ್ಕ ತಗೋರಿ" ಎಂದು ಬಸ್ ಕಂಡಕ್ಟರನ ಹಾಗೆ ಕೈಬೀಸುತ್ತಿದ್ದಳು. ಈಗ ಶರಣಪ್ಪನವರು ತಾವೇ ಇಳಿದರು, ತೆಗೆದರು, ಹತ್ತಿದರು, ದಾಟಿದರು, ಮತ್ತೆ ಇಳಿದು ಹಾಕಿದರು. ಎರಡನೆಯ ಗೇಟಿನ ಹೊತ್ತಿಗೆ ಪ್ಯಾಂಟು ಮೊಣಕಾಲಿನತನಕ ಕೆಸರು, ಹೆಂಡತಿಯ ಮೇಲೆ ಸಿಟ್ಟು. ಸತ್ತವರ ಮೇಲೆ ಸಿಟ್ಟಾಗಬಾರದು ಎಂದು ಬುದ್ಧಿ ಹೇಳುವವರು ಒಮ್ಮೆ ಆ ಮಳೆಯಲ್ಲಿ ಒಬ್ಬರೇ ಮೂರು ಗೇಟು ದಾಟಿ ನೋಡಲಿ.

ಮೂರನೆಯ ಗೇಟಿನ ಹತ್ತಿರ ಅವರು ಮಳೆಯಲ್ಲೇ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. "ದಾನೇಶ್ವರಿ ಇಂಡಿಯಾಕ್ಕೆ ಹೋಗಿದ್ದಾಳೆ. ತಂಗಿಯ ಮಗಳ ಮದುವೆ."

ಶುದ್ಧ ಸುಳ್ಳು. ದಾನೇಶ್ವರಿ ತೀರಿಹೋಗಿ ಒಂದೂವರೆ ವರ್ಷವಾಗಿತ್ತು.

ಶರಣಪ್ಪನವರು ಸುಳ್ಳು ಹೇಳುವವರ ಪೈಕಿಯಲ್ಲ. ಶೆಫೀಲ್ಡಿನ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಡಾಕ್ಟರು. ಇಪ್ಪತ್ತೆಂಟು ವರ್ಷ ಊರವರಿಗೆಲ್ಲ ನಿದ್ದೆ ಮಾಡಿಸಿದ ಮನುಷ್ಯ, ತಾವು ಮಾತ್ರ ನಿದ್ದೆಗೆಟ್ಟು ಬ್ರೂಮ್‌ಹಿಲ್‌ನ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಈ ಸುಳ್ಳೂ ಅವರು ಕಟ್ಟಿದ್ದಲ್ಲ, ತಾನಾಗಿ ಬೆಳೆದದ್ದು.

ದಾನೇಶ್ವರಿ ರೋಣದ ಕಡೆಯವಳು, ಎಂಟು ದನಗಳ ಮನೆಯಲ್ಲಿ ಹುಟ್ಟಿದವಳು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಬಾಗಿಲಿಗೆ ಬರುವ ಬಾಟಲಿ ಹಾಲನ್ನು ಕಂಡು, "ಈ ಹಾಲು ಯಾವ ಆಕಳದ್ದು ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ ನೋಡ್ರಿ" ಎಂದು ಮುಖ ಸಣ್ಣ ಮಾಡಿಕೊಂಡಿದ್ದಳು. ಆಗ ಆಸ್ಪತ್ರೆಯಲ್ಲಿ ಯಾರೋ ಈ ಫಾರ್ಮಿನ ವಿಳಾಸ ಕೊಟ್ಟರು. ದನ ಸಾಕಿ ಹಾಲು ಮಾರುವ ವಿಲ್ಫ್ ಮತ್ತು ಅವನ ಹೆಂಡತಿ ಎಡ್ನಾ ಮಹಡಿಯ ಒಂದು ಕೋಣೆಯನ್ನು ಅತಿಥಿಗಳಿಗೆ ಕೊಡುತ್ತಿದ್ದರು. ಹೋದ ಮೊದಲ ಈಸ್ಟರಿನಲ್ಲೇ ಒಂದು ಆಕಳು ಈಯಿತು. ಕರು ಕುಡಿದು ಉಳಿದ ಗಿಣ್ಣದ ಹಾಲನ್ನು ಎಡ್ನಾ ಚೆಲ್ಲುವುದರಲ್ಲಿದ್ದಳು. ದಾನೇಶ್ವರಿ ಓಡಿಹೋಗಿ ಅವಳ ಕೈ ಹಿಡಿದಳು. ಅವತ್ತು ಫಾರ್ಮಿನ ಒಲೆಯ ಮೇಲೆ ಬೆಲ್ಲ ಸಿಗದೆ ಕಂದು ಸಕ್ಕರೆ ಹಾಕಿ ಗಿಣ್ಣ ಮಾಡಿದಳು. ವಿಲ್ಫ್ ಎರಡು ತಟ್ಟೆ ತಿಂದು, "ನಮ್ಮ ಅಜ್ಜಿ ಹೀಗೇ ಮಾಡ್ತಿದ್ದಳು" ಎಂದ.

ಅಂದಿನಿಂದ ಹೊರಡುವ ದಿನ ಮುಚ್ಚಳವಿರುವ ಒಂದು ಬಿಳಿಯ ಎನಾಮೆಲ್ ಕ್ಯಾನಿನ ತುಂಬ ಗಿಣ್ಣದ ಹಾಲು ಕಾರಿಗೆ ಬರುವುದು ರೂಢಿಯಾಯಿತು. ಶೆಫೀಲ್ಡಿನ ಕನ್ನಡದ ಮನೆಗಳಿಗೆಲ್ಲ ಆ ಗಿಣ್ಣ ಹಂಚಿಕೆಯಾಗುತ್ತಿತ್ತು. ಕ್ಯಾನು ಮುಂದಿನ ಈಸ್ಟರಿಗೆ ಹಿಂದಿರುಗುತ್ತಿತ್ತು, ಒಮ್ಮೆ ಬೆಲ್ಲ ತುಂಬಿಕೊಂಡು, ಒಮ್ಮೆ ಏಲಕ್ಕಿ, ಒಮ್ಮೆ ಪುಟಾಣಿ, ಅಂದರೆ ಹುರಿಗಡಲೆ. ಪುಟಾಣಿಯನ್ನು ವಿಲ್ಫ್ ಏನೆಂದು ತಿಳಿಯದೆ ಕೋಳಿಗಳಿಗೆ ಹಾಕಿದ್ದ.

"ಇಂಗ್ಲಿಷರಿಗೆ ನಿನ್ನ ಶಾಸ್ತ್ರ ಏನ್ ತಿಳೀತದ?" ಎಂದು ಶರಣಪ್ಪ ನಕ್ಕಿದ್ದರು.

"ಅವರಿಗೆ ತಿಳೀಲಿ ಅಂತಲ್ರೀ," ಎಂದಿದ್ದಳು ದಾನೇಶ್ವರಿ. "ದನಾ ಇದ್ದ ಮನಿಗೆ ಖಾಲಿ ಪಾತ್ರಿ ಹೋಗಬಾರ್ದು, ಅಷ್ಟ."

ಎರಡು ಸಾವಿರದ ಒಂದರ ವಸಂತದಲ್ಲಿ ದೇಶದ ತುಂಬ ಕಾಲುಬಾಯಿ ರೋಗ. ಬರಬೇಡಿ ಎಂದು ಎಡ್ನಾ ಬರೆದಳು. ಮೇ ತಿಂಗಳಲ್ಲಿ ಇನ್ನೊಂದು ಪತ್ರ: ರೋಗ ಹರಡದಿರಲೆಂದು ಸರ್ಕಾರದವರು ನಲವತ್ತೆರಡು ದನಗಳನ್ನೂ ಒಂದೇ ದಿನ ಕೊಂದರು, ವಿಲ್ಫ್ ಆಮೇಲೆ ಕೊಟ್ಟಿಗೆಯ ಕಡೆ ಕಾಲಿಟ್ಟಿಲ್ಲ. ದಾನೇಶ್ವರಿ ಮನೆಮಂದಿಯೇ ಸತ್ತ ಹಾಗೆ ಅತ್ತಳು. ಬೇಸಿಗೆಯಲ್ಲಿ ಅವಳಿಗೇ ಕಾಯಿಲೆ ಗೊತ್ತಾಯಿತು. "ಅವರಿಗೆ ತಿಳಿಸಬ್ಯಾಡ್ರಿ, ಅವರಿಗೆ ಅವರದೇ ಹೊರಲಾರದಷ್ಟು ಐತಿ" ಎಂದಳು. ಅಕ್ಟೋಬರಿನಲ್ಲಿ ಹೋಗಿಬಿಟ್ಟಳು.

ಡಿಸೆಂಬರಿನಲ್ಲಿ ಎಡ್ನಾಳ ಕ್ರಿಸ್‌ಮಸ್ ಕಾರ್ಡು ಬಂತು, ಇಬ್ಬರ ಹೆಸರಿಗೂ. ಉತ್ತರ ಬರೆಯಲು ಕೂತ ಶರಣಪ್ಪನವರು ತಮ್ಮ ಹೆಸರು ಬರೆದು, ಕೈ ತಡೆಯಲಾರದೆ ಅವಳ ಹೆಸರನ್ನೂ ಬರೆದರು. ಮರುವರ್ಷವೂ ಬರೆದರು. ಲೀಡ್ಸಿನಲ್ಲಿರುವ ಮಗಳು ಮಾಳವಿಕಾ ಅದನ್ನು ನೋಡಿ, "ಡ್ಯಾಡ್, ಯು ಹ್ಯಾವ್ ಟು ಟೆಲ್ ದೆಮ್" ಎಂದಳು. ಹೇಳಬೇಕು, ನಿಜ. ಆದರೆ ಶೆಫೀಲ್ಡಿನಲ್ಲಿ ಎಲ್ಲರೂ ದಾನೇಶ್ವರಿಯನ್ನು 'ಇದ್ದಳು' ಎನ್ನುತ್ತಿದ್ದರು, ಇಲ್ಲವೇ ಅವಳ ಹೆಸರು ಬಂದರೆ ಮಾತು ತಿರುಗಿಸುತ್ತಿದ್ದರು. ಅವಳು ಇನ್ನೂ 'ಇದ್ದಾಳೆ' ಎನ್ನುವ ಮನೆ ಭೂಮಿಯ ಮೇಲೆ ಉಳಿದದ್ದು ಒಂದೇ. ಹೊಸ ಪಡ್ಡೆ ಆಕಳುಗಳನ್ನು ತಂದಿದ್ದೇವೆ, ಏಪ್ರಿಲಿನಲ್ಲಿ ಈಯುತ್ತವೆ, ಇಬ್ಬರೂ ಬನ್ನಿ ಎಂದು ಆ ಮನೆಯಿಂದಲೇ ಪತ್ರ ಬಂದಾಗ ಅವರಿಗೆ ಬೇರೇನೂ ಬೇಕೆನಿಸಲಿಲ್ಲ. ಎರಡು ದಿನ, ಎರಡೇ ದಿನ, ಆಕೆ ಬದುಕಿರುವ ಕಡೆ ಇದ್ದು ಬರಬೇಕು.

ಎಡ್ನಾ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ಕಾರಿನ ಪಕ್ಕದ ಸೀಟಿನ ಬಾಗಿಲಿಗೆ. ಶರಣಪ್ಪನವರು ಪಾಠ ಒಪ್ಪಿಸಿದರು.

"ಮದುವೆಗಾ? ಹಾಗಾದರೆ ಸರಿ," ಎಂದಳು ಎಡ್ನಾ. ದಾನೇಶ್ವರಿ ಆ ಮನೆಯಲ್ಲಿ ಡ್ಯಾನಿ. "ಡ್ಯಾನಿಗೆ ಅಂತ ದಪ್ಪ ಹಚ್ಚಡ ತೆಗೆದಿಟ್ಟಿದ್ದೆ. ಈಗಲೂ ಅವಳಿಗೆ ಅಷ್ಟೇ ಚಳಿಯಾ?"

"ಅಷ್ಟೇ ಚಳಿ," ಎಂದರು ಶರಣಪ್ಪ. ಮಾತು ಬಾಯಿಂದ ಬಂದದ್ದೇ ಎದೆ ಹಗುರಾಯಿತು.

ಮುಂದಿನ ಒಂದೂವರೆ ದಿನ ಅವರು ಹಸಿದವರಂತೆ ಸುಳ್ಳು ಹೇಳಿದರು. ಡ್ಯಾನಿ ಈಗಲೂ ಟೀಗೆ ಶುಂಠಿ ಹಾಕುತ್ತಾಳೆ. ಈಗಲೂ ಟಿವಿಯ ಹವಾಮಾನದವನ ಜೊತೆ ಜಗಳವಾಡುತ್ತಾಳೆ. ಮಂಡಿನೋವೆ? ಪಾಪ, ಚಳಿಗಾಲದಲ್ಲಿ ಸ್ವಲ್ಪ ಇದೆ. ಎಡ್ನಾ ನಗುತ್ತಿದ್ದಳು, ಬೇಕನ್ ಮಾಂಸವಿಲ್ಲದ ತಟ್ಟೆಯಲ್ಲಿ ಅಣಬೆಯನ್ನೂ ಚೀಸನ್ನೂ ಇಡುತ್ತಾ ಇನ್ನಷ್ಟು ಕೇಳುತ್ತಿದ್ದಳು. ಮಹಡಿಯ ಹಾಸಿಗೆಯಲ್ಲಿ ಎರಡು ದಿಂಬು, ಎರಡು ಬಿಸಿನೀರಿನ ಚೀಲ. ಶರಣಪ್ಪನವರು ಒಂದು ಚೀಲವನ್ನು ಅವಳು ಮಲಗುತ್ತಿದ್ದ ಎಡಬದಿಗೆ ಸರಿಸಿ ಇಟ್ಟರು, ಒಂದೂವರೆ ವರ್ಷದ ಮೇಲೆ ಬೆಳಗಿನತನಕ ನಿದ್ದೆ ಮಾಡಿದರು.

ಶನಿವಾರ ಮಧ್ಯಾಹ್ನ ಒಂದು ಪಡ್ಡೆ ಈಯಿತು. ಚೊಚ್ಚಲು, ಹೆಣ್ಣುಗರು. ಎರಡು ವರ್ಷದಿಂದ ಆ ಕೊಟ್ಟಿಗೆಯಲ್ಲಿ ಕರುವಿನ ದನಿ ಕೇಳಿರಲಿಲ್ಲ. ವಿಲ್ಫ್ ಹುಲ್ಲಿನ ಮೇಲೆ ಮೊಣಕಾಲೂರಿ ಕರುವನ್ನು ಒರೆಸುತ್ತಾ, ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದ: "ಡ್ಯಾನಿಗೆ ಹೇಳಿ ಡಾಕ್ಟರ್. ಮತ್ತೆ ಶುರುವಾಯ್ತು ಅಂತ ಹೇಳಿ."

"ಹೇಳ್ತೀನಿ," ಎಂದರು ಇವರು.

ಈಸ್ಟರ್ ಭಾನುವಾರ ಬೆಳಿಗ್ಗೆ ವಿಲ್ಫ್ ಹಾಲು ಕರೆಯಲು ಹೋದ. ಎಡ್ನಾ ಅಡುಗೆಮನೆಯಿಂದ ಕೂಗಿದಳು: "ಡಾಕ್ಟರ್, ನಮ್ಮ ಕ್ಯಾನು ತಂದಿದ್ದೀರಾ? ಎರಡು ಸಾವಿರದ ಇಸವಿಯಲ್ಲಿ ತಗೊಂಡು ಹೋದದ್ದು!"

ತಂದಿದ್ದರು. ಮೂರು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಾರಿನ ಡಿಕ್ಕಿಯಲ್ಲಿ ಟವೆಲ್ ಸುತ್ತಿ ಇಟ್ಟಿದ್ದರು. ಹೋಗಿ ತಂದು ಮೇಜಿನ ಮೇಲಿಟ್ಟರು.

ಎಡ್ನಾ ನಗುತ್ತಲೇ ಕೈ ಒರೆಸಿಕೊಂಡು ಬಂದಳು. ಹಬ್ಬದ ಉಡುಗೊರೆ ಬಿಚ್ಚುವವಳ ಹಾಗೆ ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಆಮೇಲೆ ಮುಚ್ಚಳವನ್ನು ಮೆಲ್ಲನೆ ಹಾಕಿ, ಕುರ್ಚಿ ಎಳೆದುಕೊಂಡು ಕೂತಳು.

"ಯಾವಾಗ, ಡಾಕ್ಟರ್?"

ಶರಣಪ್ಪನವರು ಕ್ಯಾನಿನ ಮೇಲಿಂದ ಕಣ್ಣು ತೆಗೆದರು. "ಏನು ಯಾವಾಗ?"

"ಇಂಡಿಯಾಕ್ಕೆ ಹೋಗೋದಾದರೂ, ಎಲ್ಲಿಗೆ ಹೋಗೋದಾದರೂ, ಡ್ಯಾನಿ ಇದರಲ್ಲಿ ಏನಾದರೂ ಹಾಕಿಟ್ಟೇ ಹೋಗ್ತಿದ್ದಳು," ಎಂದಳು ಎಡ್ನಾ. "ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ನನಗೆ ಇದನ್ನು ಖಾಲಿ ಕೊಟ್ಟಿಲ್ಲ."

ಬೆಲ್ಲ ಬ್ರೂಮ್‌ಹಿಲ್‌ನ ಅಡುಗೆಮನೆಯ ಎರಡನೆಯ ಕಪಾಟಿನಲ್ಲಿತ್ತು. ಕ್ಯಾನು ಒರೆಸುವಾಗ ಕೈಗೆಟುಕುವಷ್ಟು ಹತ್ತಿರ. ಮೂರು ಸಲ ತೊಳೆದ ಬುದ್ಧಿವಂತನಿಗೆ ಒಂದು ತುಂಡು ಹಾಕಬೇಕೆಂದು ಹೊಳೆದಿರಲಿಲ್ಲ. ಹದಿನಾರು ವರ್ಷ ನಕ್ಕಿದ್ದೊಂದೇ ಅವರು ಮಾಡಿದ್ದು.

"ಹೋದದ್ದರ ಹಿಂದಿನ ಅಕ್ಟೋಬರ್," ಎಂದರು. "ಹದಿನೇಳನೇ ತಾರೀಕು, ಬೆಳಿಗ್ಗೆ." ಅಷ್ಟು ಹೇಳುವುದರೊಳಗೆ ಅವರಿಗೆ ಅಳು ಬಂತು. ಆಸ್ಪತ್ರೆಯಲ್ಲಿ, ಚಿತಾಗಾರದಲ್ಲಿ, ಮಗಳೆದುರು ಬಾರದ ಅಳು. ಈ ಮನೆಯಲ್ಲೂ ಅವಳು ಈಗ ಸತ್ತಳು. ಇನ್ನು ಎಲ್ಲಿಗೂ ಹೋಗುವಂತಿಲ್ಲ.

ಎಡ್ನಾ ಬೈಯಲಿಲ್ಲ, ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಮೇಜಿನಾಚೆಯಿಂದ ಕೈ ಚಾಚಿ ಅವರ ಮುಂಗೈ ಹಿಡಿದುಕೊಂಡಳು. ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಹೊರಗೆ ಬೂಟಿನ ಸದ್ದಾಯಿತು. ಇಬ್ಬರೂ ಗಡಬಡಿಸಿ ಮುಖ ಒರೆಸಿಕೊಂಡರು. ವಿಲ್ಫ್ ಬಕೀಟು ಹಿಡಿದು ಒಳಗೆ ಬಂದ, ಕೆನ್ನೆ ಕೆಂಪಾಗಿತ್ತು.

"ನೋಡಿ ಡಾಕ್ಟರ್, ಹೇಗಿದೆ! ಹಳದಿ, ಗಟ್ಟಿ. ಇಂಥಾ ಹಾಲು ನೋಡಿದ್ದರೆ ಡ್ಯಾನಿ ಕುಣಿದಾಡ್ತಿದ್ದಳು. ಯಾವಾಗ ವಾಪಸ್ ಬರ್ತಾಳೆ ಅವಳು?"

ಶರಣಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಎಡ್ನಾ ಎದ್ದು ನಿಂತಿದ್ದಳು. "ಮೊದಲು ಕೂತು ಟೀ ಕುಡಿ, ವಿಲ್ಫ್," ಎಂದಳು. ಗಂಡನ ಭುಜದ ಮೇಲಿಂದ ಶರಣಪ್ಪನವರನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಹೇಳೋಣ, ಟೀ ಆಗಲಿ.

ವಿಲ್ಫ್ ಕೂತ. ಟೀ ಕುಡಿಯುತ್ತಾ ಹಳೆಯ ಕಥೆ ತೆಗೆದ: ಒಂದು ವರ್ಷ ಅವನ ಹೋರಿ ಬೇಲಿ ಮುರಿದು ಅಂಗಳಕ್ಕೆ ನುಗ್ಗಿದಾಗ, ಗಂಡಸರೆಲ್ಲ ಗೋಡೆ ಹತ್ತಿದರೆ ಡ್ಯಾನಿ ಸೀರೆಯುಟ್ಟು ಎದುರು ನಿಂತು ತನ್ನ ಭಾಷೆಯಲ್ಲಿ ಅದನ್ನು ಬೈದು ಹಿಂದಕ್ಕೆ ಕಳಿಸಿದ್ದು. "ಏನಂದಳೋ ಏನೋ, ಹೋರಿಗೆ ನಾಚಿಕೆಯಾಯ್ತು!" ಎಂದು ಮೇಜು ತಟ್ಟಿ ನಕ್ಕ. "ಅವಳು ಬಂದ ಮೇಲೆ ಕೇಳಬೇಕು, ಏನಂದಿದ್ದು ಅಂತ."

"ಕೇಳೋಣ," ಎಂದರು ಶರಣಪ್ಪ.

ಎಡ್ನಾ ಬಕೀಟಿನ ಹಾಲನ್ನು ಕ್ಯಾನಿಗೆ ಸುರಿಯುತ್ತಿದ್ದಳು, ಕಂಠದವರೆಗೂ. ವಿಲ್ಫನ ಲೋಟ ಖಾಲಿಯಾಯಿತು. ಅವನು ಕೇಳದಿದ್ದರೂ ಅವಳು ಕೆಟಲಿನಲ್ಲಿ ನೀರು ತುಂಬಿ ಮತ್ತೆ ಒಲೆಯ ಮೇಲಿಟ್ಟಳು.